ಅಜ್ಜನ ಮಾರು, ಮೊಮ್ಮಗನ ಮಾರು

ಮಲೆನಾಡಿನ ಒಂದು ಮನೆ ಎಂದಿಟ್ಟುಕೊಳ್ಳಿ. ಹಿತ್ತಲಲ್ಲಿ ಸೇದುವ ಬಾವಿ. ಬಾವಿಯ ಹಗ್ಗ ಸವೆದು ಎಳೆ ಎಳೆಯಾಗಿ ಬಿಟ್ಟಿದೆ. ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗ ಶನಿವಾರ ಶಾಲೆ ಮುಗಿಸಿ ಪೇಟೆಗೆ ಹೊರಟಿದ್ದಾನೆ. ಅಜ್ಜ ಹಳೆಯ ಹಗ್ಗವನ್ನು ಅಂಗಳದಲ್ಲಿ ಹಾಕಿಕೊಂಡು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಚಾಚಿ ಅಳೆದು ಹೇಳುತ್ತಾರೆ: "ಹನ್ನೆರಡು ಮಾರು ಬೇಕು ನೋಡು ಪುಟ್ಟಾ. ಒಂದೂ ಕಡಿಮೆ ಮಾಡಬೇಡ."

ಪೇಟೆಯ ಅಂಗಡಿಯವರು "ಎಷ್ಟು ಮೀಟರು?" ಎಂದು ಕೇಳುತ್ತಾರೆ. ಹುಡುಗನಿಗೆ ಗೊತ್ತಿಲ್ಲ. "ಹನ್ನೆರಡು ಮಾರು" ಎನ್ನುತ್ತಾನೆ. "ಹಾಗಾದರೆ ನೀನೇ ಅಳೆದುಕೋ ಮರಿ" ಎಂದು ಅವರು ಹಗ್ಗದ ಸುರುಳಿಯನ್ನು ಮುಂದಿಡುತ್ತಾರೆ. ಹುಡುಗ ಅಜ್ಜ ಮಾಡಿದಂತೆಯೇ ಕೈ ಚಾಚಿ, ಎದೆ ಉಬ್ಬಿಸಿ, ಒಂದು, ಎರಡು ಎಂದು ಹನ್ನೆರಡು ಎಣಿಸುತ್ತಾನೆ. ಅನುಮಾನ ಬೇಡವೆಂದು ಇನ್ನೊಮ್ಮೆ ಎಣಿಸುತ್ತಾನೆ. ಅಂಗಡಿಯವರು ಕತ್ತರಿಸಿ ಕೊಡುತ್ತಾರೆ.

ಮನೆಗೆ ಬಂದು ರಾಟೆಗೆ ಹಾಕಿ ಕೊಡ ಇಳಿಸಿದರೆ, ಕೊಡ ನೀರನ್ನು ಮುಟ್ಟಲೇ ಇಲ್ಲ! ನೀರಿನಿಂದ ಎಷ್ಟೋ ಮೇಲೆ, ಗಾಳಿಯಲ್ಲಿ ತೂಗಾಡುತ್ತ ನಿಂತಿತು. ಅಪ್ಪನಿಗೆ ಸಿಟ್ಟು ಬಂತು. "ಹನ್ನೆರಡು ಎಣಿಸುವುದಕ್ಕೂ ಬರುವುದಿಲ್ಲವೇನೋ? ಏಳನೇ ಕ್ಲಾಸಂತೆ!" ಕತ್ತರಿಸಿದ ಹಗ್ಗವನ್ನು ಅಂಗಡಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ತುಂಡನ್ನು ಗಂಟು ಹಾಕಿ ಸೇರಿಸೋಣವೆಂದರೆ ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಣವೂ ಹೋಯಿತು, ಮಾನವೂ ಹೋಯಿತು. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು, "ಎರಡು ಸಲ ಎಣಿಸಿದ್ದೇನೆ ಅಜ್ಜಾ" ಎನ್ನುತ್ತಾನೆ.

ಅಜ್ಜ ಎಣಿಸಿದ್ದು ಸರಿ. ಮೊಮ್ಮಗ ಎಣಿಸಿದ್ದೂ ಸರಿ. ಆದರೂ ಹಗ್ಗ ಸಾಲಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

ತಪ್ಪು ಎಣಿಕೆಯಲ್ಲಿಲ್ಲ, ಏಕಮಾನದಲ್ಲಿದೆ. ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದಾಗ ಒಂದು ನಡುಬೆರಳಿನ ತುದಿಯಿಂದ ಇನ್ನೊಂದು ನಡುಬೆರಳಿನ ತುದಿಯವರೆಗಿನ ಉದ್ದವೇ ಒಂದು ಮಾರು. ಹೆಚ್ಚಿನವರಲ್ಲಿ ಇದು ಅವರವರ ಎತ್ತರಕ್ಕೆ ಬಹುಮಟ್ಟಿಗೆ ಸಮ. ಅಜ್ಜನ ಮಾರು 165 ಸೆಂ.ಮೀ. ಎಂದುಕೊಳ್ಳಿ. ಹನ್ನೆರಡು ಮಾರು ಎಂದರೆ 19.8 ಮೀಟರು. ಮೊಮ್ಮಗನ ಮಾರು 140 ಸೆಂ.ಮೀ. ಅವನ ಹನ್ನೆರಡು ಮಾರು 16.8 ಮೀಟರು. ವ್ಯತ್ಯಾಸ ಸರಿಯಾಗಿ ಮೂರು ಮೀಟರು. ಕೊಡ ನೀರಿನಿಂದ ಅಷ್ಟು ಮೇಲೆ ನಿಂತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ದೇಹವೇ ಅಳತೆಗೋಲು

ಟೇಪು, ಸ್ಕೇಲುಗಳು ಮನೆ ಮನೆಗೆ ಬರುವ ಮೊದಲು ಮನುಷ್ಯನ ಬಳಿ ಸದಾ ಇದ್ದ ಅಳತೆಗೋಲು ಒಂದೇ: ಅವನ ಮೈ. ಅದನ್ನು ಮರೆತು ಬರುವ ಭಯವಿಲ್ಲ, ಕಳೆದುಹೋಗುವ ಚಿಂತೆಯಿಲ್ಲ. ಅದಕ್ಕೇ ಲೋಕದ ಎಲ್ಲ ಕಡೆಯೂ ಜನ ಬೆರಳು, ಅಂಗೈ, ಮೊಣಕೈ, ಪಾದ, ತೋಳುಗಳಿಂದ ಅಳೆಯಲು ಕಲಿತರು.

ಕನ್ನಡದ ದಿನಬಳಕೆಯ ಮಾತಿನಲ್ಲಿ ಈ ಅಳತೆಗಳು ಇಂದಿಗೂ ಜೀವಂತವಾಗಿವೆ. "ಚೋಟುದ್ದ ಹುಡುಗ, ಮಾರುದ್ದ ಮಾತು" ಎಂದು ಬೈಯುತ್ತೇವೆ. ಹೊಟ್ಟೆಪಾಡಿನ ಮಾತು ಬಂದರೆ ಗೇಣುದ್ದದ ಹೊಟ್ಟೆ ಎನ್ನುತ್ತೇವೆ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು, ಹೊಳೆಯಲ್ಲಿ ಎದೆಮಟ್ಟ ನೀರು, ಹೊಲದಲ್ಲಿ ಆಳುದ್ದ ಗುಂಡಿ. ಹೂವಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ದಂಡೆಯನ್ನು ಮೊಳದ ಲೆಕ್ಕದಲ್ಲಿಯೇ ಕೊಳ್ಳುತ್ತೇವೆ. ಹಿರಿಯರು ಹದಿನೆಂಟು ಮೊಳದ ಸೀರೆ, ಎಂಟು ಮೊಳದ ಪಂಚೆ ಎನ್ನುವುದನ್ನು ಕೇಳಿರಬಹುದು.

ಇವುಗಳಲ್ಲಿ ಮುಖ್ಯವಾದವನ್ನು ಕ್ರಮವಾಗಿ ನೋಡೋಣ.

ಅಂಗುಲ: ಒಂದು ಬೆರಳಿನ ಅಗಲ.

ಚೋಟು: ಹೆಬ್ಬೆರಳು ಮತ್ತು ತೋರುಬೆರಳನ್ನು ಹಿಗ್ಗಿಸಿ ಹಿಡಿದಾಗ ಅವುಗಳ ತುದಿಗಳ ನಡುವಿನ ಉದ್ದ.

ಗೇಣು: ಹೆಬ್ಬೆರಳು ಮತ್ತು ಕಿರುಬೆರಳನ್ನು ಹಿಗ್ಗಿಸಿ ಹಿಡಿದಾಗ ಅವುಗಳ ತುದಿಗಳ ನಡುವಿನ ಉದ್ದ.

ಮೊಳ: ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ.

ಮಾರು: ಚಾಚಿದ ಎರಡು ತೋಳುಗಳ ಉದ್ದ.

ಬೆರಳಿನಿಂದ ಮಾರಿನವರೆಗೆ ಮೆಟ್ಟಿಲು

ಈ ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಅಳತೆಗಳಲ್ಲ. ಒಂದೇ ದೇಹದ ಅಂಗಗಳಾದ್ದರಿಂದ ಅವುಗಳ ನಡುವೆ ಒಂದು ಅನುಪಾತವಿದೆ. ಹಿಂದಿನವರು ಅದನ್ನು ಸುಲಭವಾದ ಪೂರ್ಣಸಂಖ್ಯೆಗಳಲ್ಲಿ ಕಟ್ಟಿಟ್ಟರು:

12 ಅಂಗುಲ = 1 ಗೇಣು
2 ಗೇಣು = 1 ಮೊಳ
4 ಮೊಳ = 1 ಮಾರು

ಅಂದರೆ ಒಂದು ಮೊಳಕ್ಕೆ 24 ಅಂಗುಲ, ಒಂದು ಮಾರಿಗೆ 96 ಅಂಗುಲ. (ಚೋಟು ಈ ಮೆಟ್ಟಿಲಿಗೆ ಸರಿಯಾಗಿ ಕೂರುವುದಿಲ್ಲ, ಅದು ಸುಮಾರು ಮುಕ್ಕಾಲು ಗೇಣು.)

ಇನ್ನು ಪರಿವರ್ತನೆ ಹೇಗೆ? ಒಂದು ಹಳೆಯ ತೊಲೆಯ ಉದ್ದ 2 ಮಾರು, 1 ಮೊಳ, 1 ಗೇಣು, 3 ಅಂಗುಲ ಎಂದು ಯಾರೋ ಬಡಗಿ ಹೇಳಿದ ಎನ್ನೋಣ. ಮೊದಲು ಎಲ್ಲವನ್ನೂ ಅತಿ ಚಿಕ್ಕ ಅಳತೆಗೆ, ಅಂದರೆ ಅಂಗುಲಕ್ಕೆ ಇಳಿಸಬೇಕು. ರೂಪಾಯಿಯನ್ನು ಪೈಸೆಗೆ ಇಳಿಸಿದಂತೆ.

2 ಮಾರು = 192 ಅಂಗುಲ
1 ಮೊಳ = 24 ಅಂಗುಲ
1 ಗೇಣು = 12 ಅಂಗುಲ
ಉಳಿದದ್ದು = 3 ಅಂಗುಲ
ಒಟ್ಟು = 231 ಅಂಗುಲ

ಇಲ್ಲಿಯವರೆಗೆ ಸೆಂಟಿಮೀಟರಿನ ಸುದ್ದಿಯೇ ಇಲ್ಲ. ಈಗ ಕೇಳಬೇಕಾದ ಪ್ರಶ್ನೆ ಒಂದು: ಯಾರ ಅಂಗುಲ? ಆ ಬಡಗಿಯ ಮೊಳ 45 ಸೆಂ.ಮೀ. ಆಗಿದ್ದರೆ ಅವನ ಅಂಗುಲ 45 ÷ 24, ಅಂದರೆ 1.875 ಸೆಂ.ಮೀ. ಇದರಿಂದ 231ನ್ನು ಗುಣಿಸಿದರೆ 433.125 ಸೆಂ.ಮೀ. ಬರುತ್ತದೆ.

ಉತ್ತರವನ್ನು ಹೀಗೆಯೇ ಬರೆಯಬಹುದೇ? ಬರೆಯಬಾರದು. ಬೆರಳಿನಿಂದ ಅಳೆದದ್ದಕ್ಕೆ ಮಿಲಿಮೀಟರಿನ ಭಾಗದವರೆಗೆ ಲೆಕ್ಕ ಹೇಳುವುದು, ಕಣ್ಣಂದಾಜಿನಲ್ಲಿ ಅಕ್ಕಿ ಸುರಿದು ಕಾಳುಗಳ ಸಂಖ್ಯೆ ಹೇಳಿದಂತೆ. "ಸುಮಾರು 4.3 ಮೀಟರು" ಎಂದರೆ ಸಾಕು. ಅಳತೆ ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರ. ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳೆಲ್ಲ ಅಳತೆಯಾಗುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಇಂದು ಕನ್ನಡದಲ್ಲಿ ಇಂಚಿಗೂ ಅಂಗುಲ ಎಂದೇ ಹೇಳುತ್ತೇವೆ. ಆದರೆ ಇಂಚು ಎಂದರೆ 2.54 ಸೆಂ.ಮೀ.; ಹಳೆಯ ಅಂಗುಲ ಎರಡು ಸೆಂಟಿಮೀಟರಿಗೂ ಕಡಿಮೆ. 12 ಇಂಚು ಸೇರಿದರೆ ಒಂದು ಅಡಿ. 12 ಅಂಗುಲ ಸೇರಿದರೆ ಒಂದು ಗೇಣು. ಎರಡರಲ್ಲೂ ಹನ್ನೆರಡು ಇರುವುದರಿಂದ ಮೋಸಹೋಗುವುದು ಸುಲಭ. ಮೇಲಿನ ತೊಲೆಯ 231 ಅಂಗುಲಗಳನ್ನು ಇಂಚು ಎಂದು ತಿಳಿದು ಲೆಕ್ಕ ಹಾಕಿದರೆ 5.87 ಮೀಟರು ಬರುತ್ತದೆ. ಒಂದೂವರೆ ಮೀಟರಿಗೂ ಹೆಚ್ಚಿನ ತಪ್ಪು! ಹಳೆಯ ಪುಸ್ತಕದಲ್ಲಿ ಅಂಗುಲ ಎಂಬ ಮಾತು ಕಂಡರೆ, ಇದು ಬೆರಳೋ ಇಂಚೋ ಎಂದು ಮೊದಲು ಕೇಳಿಕೊಳ್ಳಬೇಕು.

ಪಟ್ಟಿಯ ಮಾತು, ಮೈಯ ಮಾತು

ಬಾವಿಯ ಹಗ್ಗದ ಕಥೆಗೆ ಮರಳೋಣ. ಹುಡುಗ ಜಾಣತನ ಮಾಡಿ, ತನ್ನ ಕೈಯಿಂದ ಅಳೆಯುವ ಬದಲು ಪಟ್ಟಿಯನ್ನು ನೆನಪು ಮಾಡಿಕೊಂಡಿದ್ದರೆ? ಒಂದು ಮಾರು ಎಂದರೆ ನಾಲ್ಕು ಮೊಳ. ಒಂದು ಮೊಳಕ್ಕೆ ಒಂದೂವರೆ ಅಡಿ. ಆದ್ದರಿಂದ ಒಂದು ಮಾರಿಗೆ ಆರು ಅಡಿ, 183 ಸೆಂ.ಮೀ. ಹನ್ನೆರಡು ಮಾರಿಗೆ ಸುಮಾರು 22 ಮೀಟರು. ಆಗ ಹಗ್ಗ ಎರಡು ಮೀಟರಿಗೂ ಹೆಚ್ಚು ಉಳಿಯುತ್ತಿತ್ತು. ನೀರಂತೂ ಬರುತ್ತಿತ್ತು, ಆದರೆ ಲೆಕ್ಕ ಸರಿಯಾಗುತ್ತಿರಲಿಲ್ಲ.

ಇದಕ್ಕೆ ಕಾರಣ ಎರಡು. ಒಂದು, ಪಟ್ಟಿಯಲ್ಲಿರುವ ಆರು ಅಡಿ ಮಾರಿನ ಆಳು ಅಜ್ಜನಲ್ಲ; ಅಷ್ಟು ಉದ್ದದ ತೋಳಿನವರು ಊರಲ್ಲಿ ಕೆಲವರಷ್ಟೇ. ಎರಡನೆಯದು ಇನ್ನೂ ಸ್ವಾರಸ್ಯಕರ. ನಾಲ್ಕು ಮೊಳ ಸೇರಿದರೆ ಒಂದು ಮಾರು ಎಂಬುದನ್ನು ನಮ್ಮ ಮೈ ಪೂರ್ತಿ ಒಪ್ಪುವುದಿಲ್ಲ! ಅಜ್ಜನ ಮೊಳ 45 ಸೆಂ.ಮೀ. ಇದ್ದರೆ ನಾಲ್ಕು ಮೊಳ 180 ಸೆಂ.ಮೀ. ಆಗಬೇಕು. ಅವರ ಮಾರು ಮಾತ್ರ 165. ಅಂದರೆ ಅವರ ಮಾರಿಗೆ 96 ಅಂಗುಲ ಅಲ್ಲ, 88 ಅಂಗುಲ. ಹೆಚ್ಚಿನವರಲ್ಲಿಯೂ ಒಂದು ಮಾರಿಗೆ ನಾಲ್ಕು ಮೊಳ ತುಂಬುವುದಿಲ್ಲ. ಮೂರೂವರೆಗೂ ನಾಲ್ಕಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಹಿಂದಿನವರಿಗೆ ಇದು ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಇದಕ್ಕೆ ಸಾಕ್ಷಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ತಾಳೆಗರಿಯ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರೂ ಅವರೇ. ಆ ಗ್ರಂಥದ ಒಂದು ಅಧ್ಯಾಯ ಪೂರ್ತಿ ಉದ್ದ ಮತ್ತು ಕಾಲದ ಅಳತೆಗಳಿಗೇ ಮೀಸಲು.

ಅಲ್ಲಿ ಎಂಟು ಜವೆಗೋಧಿ ಕಾಳುಗಳ ನಡುಭಾಗದ ಅಗಲವನ್ನು ಸೇರಿಸಿ ಒಂದು ಅಂಗುಲ ಎಂದಿದೆ. ಇಲ್ಲವಾದರೆ ಮಧ್ಯಮ ಗಾತ್ರದ ಮನುಷ್ಯನ ನಡುಬೆರಳಿನ ನಡುವಿನ ಅಗಲ ಎಂದಿದೆ. "ಮಧ್ಯಮ ಗಾತ್ರದ ಮನುಷ್ಯ" ಎಂಬ ಮಾತನ್ನು ಗಮನಿಸಿ. ಯಾರ ಬೆರಳು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

12 ಅಂಗುಲಕ್ಕೆ ಒಂದು ವಿತಸ್ತಿ, ಅಂದರೆ ಗೇಣು. ಎರಡು ವಿತಸ್ತಿಗೆ ಒಂದು ಹಸ್ತ, ಅಂದರೆ ಮೊಳ. ಅದು 24 ಅಂಗುಲ. ನಾಲ್ಕು ಹಸ್ತಕ್ಕೆ ಒಂದು ದಂಡ ಅಥವಾ ಧನುಸ್ಸು. ಅದು 96 ಅಂಗುಲ. ಇದು ಪಟ್ಟಿಯ ಮಾತು. ಆದರೆ ಚಾಚಿದ ತೋಳುಗಳ ಉದ್ದಕ್ಕೆ, ಅಂದರೆ ವ್ಯಾಮಕ್ಕೆ, ಬೇರೆಯೇ ಸಂಖ್ಯೆ ಇದೆ: 84 ಅಂಗುಲ, ಮೂರೂವರೆ ಮೊಳ. ಈ 84 ಅಂಗುಲದ ವ್ಯಾಮವನ್ನು ಯಾವುದಕ್ಕೆ ಬಳಸಬೇಕು ಎಂದೂ ಅಲ್ಲಿ ಹೇಳಿದೆ. ಹಗ್ಗವನ್ನು ಅಳೆಯಲು ಮತ್ತು ಅಗೆದ ಗುಂಡಿಯ ಆಳವನ್ನು ಅಳೆಯಲು! ಅಜ್ಜನ ಬಾವಿಗೆ ಬೇಕಾದದ್ದು ಸರಿಯಾಗಿ ಇದೇ ಅಲ್ಲವೇ?

ಹಸ್ತದಲ್ಲಿಯೂ ಬಗೆಗಳಿದ್ದವು. ಸಾಮಾನ್ಯ ಹಸ್ತಕ್ಕೆ 24 ಅಂಗುಲವಾದರೆ ಹುಲ್ಲುಗಾವಲು ಅಳೆಯುವ ಹಸ್ತಕ್ಕೆ 28 ಅಂಗುಲ. ಕಾಡಿನ ಮರಮುಟ್ಟುಗಳನ್ನು ಅಳೆಯುವ ಹಸ್ತಕ್ಕೆ 54 ಅಂಗುಲ. ಹೆಸರು ಒಂದೇ, ಉದ್ದ ಬೇರೆ ಬೇರೆ. ಆದ್ದರಿಂದ ಹಳೆಯ ಗ್ರಂಥದ ಅಳತೆಯನ್ನು ಮೀಟರಿಗೆ ಇಳಿಸುವವರು ಯಾರ ಮೊಳ ಎಂದಷ್ಟೇ ಅಲ್ಲ, ಯಾವ ಕೆಲಸದ ಮೊಳ ಎಂದೂ ಕೇಳಬೇಕಾಗುತ್ತದೆ.

ಹದಿನಾರು ಜನರ ಪಾದ

ಒಬ್ಬನ ಮೈ ಇನ್ನೊಬ್ಬನ ಮೈಯಂತಿಲ್ಲ ಎಂಬ ತೊಡಕನ್ನು ಬಿಡಿಸಲು ಜನ ಎರಡು ದಾರಿ ಹುಡುಕಿದರು.

ಮೊದಲನೆಯದು ಸರಾಸರಿ. 16ನೆಯ ಶತಮಾನದಲ್ಲಿ ಜರ್ಮನಿಯ ಯಾಕೋಬ್ ಕೋಬೆಲ್ ಎಂಬಾತ ಭೂಮಿ ಅಳೆಯುವ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸೊಗಸಾದ ಉಪಾಯವಿದೆ. ಚರ್ಚಿನಿಂದ ಪ್ರಾರ್ಥನೆ ಮುಗಿಸಿ ಹೊರಬರುವ ಹದಿನಾರು ಗಂಡಸರನ್ನು ನಿಲ್ಲಿಸಿ. ಎತ್ತರದವರು, ಗಿಡ್ಡರು ಎಂದು ಆರಿಸಬೇಡಿ, ಬಂದವರು ಬಂದ ಹಾಗೆ ನಿಲ್ಲಲಿ. ಅವರ ಎಡಪಾದಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಇಡಿಸಿ. ಆ ಸಾಲಿನ ಒಟ್ಟು ಉದ್ದವೇ ಭೂಮಿ ಅಳೆಯುವ ಕೋಲು. ಅದರ ಹದಿನಾರರಲ್ಲಿ ಒಂದು ಪಾಲೇ ಒಂದು ಅಡಿ.

ಇದರ ಹಿಂದಿನ ತತ್ತ್ವ ಸರಳ. ದೊಡ್ಡ ಪಾದದವನ ಹೆಚ್ಚು, ಚಿಕ್ಕ ಪಾದದವನ ಕಡಿಮೆ, ಒಂದಕ್ಕೊಂದು ವಜಾ ಆಗುತ್ತವೆ. ಇಂದಿನ ಸಂಖ್ಯಾಶಾಸ್ತ್ರದ ಪ್ರಕಾರ ಹದಿನಾರು ಜನರ ಸರಾಸರಿಯಲ್ಲಿ ಉಳಿಯುವ ಏರುಪೇರು ಒಬ್ಬೊಬ್ಬರ ಏರುಪೇರಿನ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಏಕೆಂದರೆ ಹದಿನಾರರ ವರ್ಗಮೂಲ ನಾಲ್ಕು. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಹಲವು ಸಲ ತೆಗೆದು ಸರಾಸರಿ ಬರೆಯಿರಿ ಎಂದು ಉಪಾಧ್ಯಾಯರು ಒತ್ತಾಯಿಸುವುದೂ ಇಂಥದೇ ಕಾರಣಕ್ಕೆ.

ಎರಡನೆಯ ದಾರಿ, ಅಳತೆಯನ್ನು ಮೈಯಿಂದ ಬಿಡಿಸಿ ಒಂದು ಕೋಲಿಗೆ ಇಳಿಸುವುದು. ಪ್ರಾಚೀನ ಈಜಿಪ್ಟಿನವರೂ ನಮ್ಮಂತೆಯೇ ಬೆರಳು, ಅಂಗೈ, ಮೊಳಗಳಿಂದ ಅಳೆದವರು. ಅವರ ಸಣ್ಣ ಮೊಳಕ್ಕೂ 24 ಬೆರಳು. ಕಟ್ಟಡಗಳಿಗೆ ಬಳಸುತ್ತಿದ್ದ ರಾಜಮೊಳಕ್ಕೆ 28 ಬೆರಳು. ಆ ರಾಜಮೊಳವನ್ನು ಕೋಲುಗಳ ಮೇಲೆ ಗುರುತು ಹಾಕಿ ಇಟ್ಟುಕೊಂಡಿದ್ದರು. ಅಂಥ ಕೋಲುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಉದ್ದ ಸುಮಾರು 52.3 ಸೆಂ.ಮೀ. ಗೀಜಾದ ಮಹಾ ಪಿರಮಿಡ್ಡಿನ ತಳದ ಒಂದು ಬದಿ ಸುಮಾರು 230 ಮೀಟರು. ಭಾಗಿಸಿ ನೋಡಿ, ಹೆಚ್ಚು ಕಡಿಮೆ 440 ರಾಜಮೊಳ ಬರುತ್ತದೆ. ಸಾವಿರಾರು ಜನ ಕೆಲಸಗಾರರು ತಮ್ಮ ತಮ್ಮ ಕೈಯಿಂದ ಅಳೆದಿದ್ದರೆ ನಾಲ್ಕೂ ಬದಿಗಳು ಅಷ್ಟೊಂದು ಸಮವಾಗಿ ಬರುತ್ತಿರಲಿಲ್ಲ.

ನಮ್ಮಲ್ಲಿಯೂ ಇದೇ ನಡೆಯಿತು. ಕನ್ನಡ ನಾಡಿನ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಅಳೆದ ಗಳೆ, ಕೋಲುಗಳ ಹೆಸರು ಬರುತ್ತದೆ. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಅಳತೆಗೋಲಿನ ಉದ್ದವನ್ನು ಕಲ್ಲಿನ ಮೇಲೆಯೇ ಕೆತ್ತಿಟ್ಟಿದ್ದಾರೆ. ತಕರಾರು ಬಂದರೆ ಯಾರ ಕೈ ಉದ್ದ ಎಂದು ಜಗಳವಾಡಬೇಕಾಗಿಲ್ಲ. ಕಲ್ಲಿನ ಮುಂದೆ ಕೋಲು ಹಿಡಿದರೆ ಸಾಕು. ಮನುಷ್ಯ ಸಾಯುತ್ತಾನೆ, ಅವನ ಮೊಳವೂ ಅವನ ಜೊತೆಗೆ ಹೋಗುತ್ತದೆ. ಕಲ್ಲಿನ ಮೊಳ ಉಳಿಯುತ್ತದೆ.

ಆದರೂ ಒಂದೊಂದು ಸೀಮೆಗೆ ಒಂದೊಂದು ಕೋಲು ಎಂಬ ತೊಡಕು ಉಳಿಯಿತು. ಎಲ್ಲ ದೇಶಗಳಿಗೂ ಒಂದೇ ಅಳತೆ ಇರಬೇಕು, ಅದು ಯಾವ ರಾಜನ ಮೈಯಿಂದಲೂ ಬಂದಿರಬಾರದು ಎಂಬ ಆಸೆಯಿಂದ ಹುಟ್ಟಿದ್ದೇ ಮೀಟರು. 1791ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಪಾಲನ್ನು ಮೀಟರು ಎಂದು ಆರಿಸಿಕೊಂಡರು. 1983ರಿಂದ ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಕಾಲದಲ್ಲಿ ಸಾಗುವ ದೂರವೇ ಮೀಟರು. ಭಾರತದಲ್ಲಿ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಆಗಿ, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಗೆ ಬಂತು. ಬೆರಳಿನಿಂದ ಹೊರಟ ಅಳತೆ ಕೊನೆಗೆ ಬೆಳಕನ್ನು ಹಿಡಿಯಿತು.

ಹಾಗೆಂದು ಮೊಳ, ಗೇಣುಗಳು ನಿಷ್ಪ್ರಯೋಜಕ ಎಂದಲ್ಲ. ಟೇಪು ಕೈಯಲ್ಲಿಲ್ಲದಾಗ ಈ ಬಾಗಿಲಲ್ಲಿ ಬೀರು ಹಿಡಿಯುತ್ತದೆಯೇ, ಈ ಬಟ್ಟೆ ಕಿಟಕಿಗೆ ಸಾಲುತ್ತದೆಯೇ ಎಂದು ಅಂದಾಜು ಮಾಡಲು ಮೈಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ವೈದ್ಯರೂ ಇದನ್ನು ಬಿಟ್ಟಿಲ್ಲ. ಬೆನ್ನು ಬಾಗಿ ನೇರ ನಿಲ್ಲಲಾಗದವರ ನಿಜವಾದ ಎತ್ತರ ತಿಳಿಯಬೇಕಾದಾಗ ಅವರ ಮಾರನ್ನು ಅಳೆದು ಅಂದಾಜು ಮಾಡುವುದುಂಟು. ವಯಸ್ಸಾದಂತೆ ಬೆನ್ನು ಕುಗ್ಗುತ್ತದೆ, ತೋಳಿನ ಮೂಳೆಗಳು ಕುಗ್ಗುವುದಿಲ್ಲ.

ಮಾಡಿ ನೋಡಿ

ಬೇಕಾಗುವ ಸಾಮಾನು: ದರ್ಜಿಯ ಟೇಪು, ಪೆನ್ಸಿಲು, ಒಂದು ಹಾಳೆ. ಮನೆಯ ಎಲ್ಲರೂ ಸೇರಬಹುದು.

ಮೊದಲು ಒಬ್ಬೊಬ್ಬರ ಎತ್ತರ, ಮಾರು, ಮೊಳ, ಗೇಣುಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಪಟ್ಟಿ ಮಾಡಿ. ಮಾರು ಅಳೆಯುವಾಗ ಗೋಡೆಗೆ ಬೆನ್ನು ಒರಗಿಸಿ ನಿಲ್ಲಬೇಕು. ಅಂಗುಲಕ್ಕಾಗಿ ಒಂದೇ ಬೆರಳನ್ನು ಅಳೆಯಬೇಡಿ. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಜೋಡಿಸಿ, ಅವುಗಳ ಒಟ್ಟು ಅಗಲವನ್ನು ನಾಲ್ಕರಿಂದ ಭಾಗಿಸಿ. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ಬರೆಯಿರಿ.

ಆಮೇಲೆ ಒಬ್ಬೊಬ್ಬರಿಗೂ ಮಾರನ್ನು ಮೊಳದಿಂದ, ಮೊಳವನ್ನು ಗೇಣಿನಿಂದ ಭಾಗಿಸಿ. ಅಜ್ಜಿಯ ಮೊಳವೂ ತಮ್ಮನ ಮೊಳವೂ ಬಹಳ ಬೇರೆಯಾಗಿರುತ್ತವೆ. ಆದರೆ ಈ ಭಾಗಲಬ್ಧಗಳು ಅಷ್ಟು ಬೇರೆಯಾಗಿರುವುದಿಲ್ಲ ಎಂಬುದನ್ನು ಗಮನಿಸಿ. ದೇಹದ ಅಳತೆಗಳ ಗುಟ್ಟು ಇಲ್ಲಿದೆ. ಒಬ್ಬರಿಂದ ಒಬ್ಬರಿಗೆ ಉದ್ದ ಬದಲಾಗುತ್ತದೆ, ಅನುಪಾತ ಬಹುಮಟ್ಟಿಗೆ ಉಳಿಯುತ್ತದೆ.

ಕೊನೆಗೆ ತಮ್ಮ ತಮ್ಮ ಗೇಣು, ಮೊಳಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. ದೊಡ್ಡವರಿಗೆ ಅದು ಬಹುಕಾಲ ಬದಲಾಗುವುದಿಲ್ಲ. ಬೆಳೆಯುವ ಮಕ್ಕಳು ಪ್ರತಿ ಹುಟ್ಟುಹಬ್ಬಕ್ಕೂ ಹೊಸದಾಗಿ ಅಳೆದುಕೊಳ್ಳಬೇಕು. ಕಳೆದ ವರ್ಷದ ಮೊಳ ಈ ವರ್ಷಕ್ಕೆ ಆಗಿಬರುವುದಿಲ್ಲ, ಕಳೆದ ವರ್ಷದ ಚಪ್ಪಲಿಯಂತೆ.

ಒಂದು ಲೆಕ್ಕ: ಹೂವಾಡಗಿತ್ತಿಯ ಮೊಳ 42 ಸೆಂ.ಮೀ. ಮದುವೆ ಮನೆಗೆಂದು ಅವಳಿಂದ ಹದಿನೈದು ಮೊಳ ಮಲ್ಲಿಗೆ ಕೊಂಡ ತಾಯಿಯ ಮೊಳ 45 ಸೆಂ.ಮೀ. ಮನೆಗೆ ಬಂದು ತಾಯಿ ತನ್ನ ಕೈಯಿಂದ ಅಳೆದರೆ ಎಷ್ಟು ಮೊಳ ಬರುತ್ತದೆ? ಹೂವಾಡಗಿತ್ತಿ ಮೋಸ ಮಾಡಿದಳೇ?

ಉತ್ತರ: 15 × 42 = 630 ಸೆಂ.ಮೀ. ಇದನ್ನು 45ರಿಂದ ಭಾಗಿಸಿದರೆ 14 ಮೊಳ. ಒಂದು ಮೊಳ ಕಡಿಮೆ ಕಂಡಿತು, ಆದರೆ ಮೋಸ ನಡೆದಿಲ್ಲ. ಅವಳು ಎಲ್ಲರ ಕಣ್ಣ ಮುಂದೆ ತನ್ನ ಮೊಳದಲ್ಲಿ ಹದಿನೈದನ್ನು ಪೂರ್ತಿ ಅಳೆದು ಕೊಟ್ಟಿದ್ದಾಳೆ. ಹೆಚ್ಚು ಹೂ ಕೊಳ್ಳುವವರು ಯಾರ ಮೊಳ ಎಂಬುದನ್ನು ಬೆಲೆ ಮಾತಾಡುವ ಮೊದಲೇ ನೋಡಿಕೊಳ್ಳಬೇಕು.

ಈಗ ಆ ಬಾವಿಕಟ್ಟೆಗೆ ಇನ್ನೊಮ್ಮೆ ಹೋಗೋಣ. ಅಜ್ಜ ಮೊಮ್ಮಗನನ್ನು ಕರೆದು ಅಂಗಳದಲ್ಲಿ ನಿಲ್ಲಿಸಿದರು. "ಕೈ ಚಾಚು" ಎಂದರು. ಅವನ ಬೆನ್ನಿಗೆ ತಮ್ಮ ಬೆನ್ನು ತಾಗಿಸಿ ತಾವೂ ಕೈ ಚಾಚಿದರು. ಎರಡೂ ಕಡೆ ಅಜ್ಜನ ಬೆರಳುಗಳು ಮೊಮ್ಮಗನ ಬೆರಳುಗಳನ್ನು ದಾಟಿ ಒಂದೊಂದು ಅಂಗೈಯಷ್ಟು ಮುಂದಕ್ಕೆ ಹೋಗಿದ್ದವು. ಅಪ್ಪ ನೋಡುತ್ತ ನಿಂತರು. ಬೈಯಲು ಅವರಿಗೆ ಇನ್ನೇನೂ ಉಳಿದಿರಲಿಲ್ಲ.

ಅಜ್ಜ ಒಂದು ಗೋಣಿ ದಾರ ತೆಗೆದುಕೊಂಡು ತಮ್ಮ ಕೈಗಳ ನಡುವೆ ಹಿಡಿದು, ಎರಡು ತುದಿಗಳಿಗೂ ಗಂಟು ಹಾಕಿ ಹುಡುಗನ ಕೈಯಲ್ಲಿಟ್ಟರು. "ತಗೋ, ಇದು ನನ್ನ ಮಾರು. ಇನ್ನೊಮ್ಮೆ ಹೋಗುವಾಗ ಜೇಬಿನಲ್ಲಿ ಹಾಕಿಕೊಂಡು ಹೋಗು." ಈಜಿಪ್ಟಿನ ಕೋಲು, ದೇವಾಲಯದ ಕಲ್ಲಿನ ಗೆರೆ ಮಾಡುತ್ತಿದ್ದ ಕೆಲಸವನ್ನೇ ಆ ಗೋಣಿ ದಾರವೂ ಮಾಡುತ್ತದೆ. ಸಾಲದೆ ಹೋದ ಹಗ್ಗವೂ ವ್ಯರ್ಥವಾಗಲಿಲ್ಲ. ಕೊಟ್ಟಿಗೆಯ ದನಗಳಿಗೆ ಕಟ್ಟುವ ಕಣ್ಣಿಯಾಯಿತು.

ಪಾಲಕರಿಗೆ ಒಂದು ಮಾತು. ಮಗುವಿನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ತಪ್ಪು ಎಂದು ಗೆರೆ ಎಳೆಯುವ ಮೊದಲು, "ಯಾವುದರಿಂದ ಅಳೆದೆ ಮಗು?" ಎಂದು ಒಮ್ಮೆ ಕೇಳಿ. ಎಷ್ಟೋ ಸಲ ಮಗು ಎಣಿಸಿದ್ದು ಸರಿಯಾಗಿಯೇ ಇರುತ್ತದೆ. ಅದರ ಕೈ ನಿಮ್ಮ ಕೈಯಷ್ಟು ಇನ್ನೂ ಬೆಳೆದಿರುವುದಿಲ್ಲ, ಅಷ್ಟೇ.